ಕೊರಳು ಬಿಟ್ಟು ಕೊಯ್ಯಿ

ಆಗಸ್ಟಿನ ಬೆಳಗ್ಗೆ ಏಳಕ್ಕೇ
ಕುತೈಸಿಯ ಆ ವಠಾರದಲ್ಲಿ ಏಣಿ ನಿಂತಿತು.
ನಾಲ್ಕು ಮನೆ, ಒಂದು ನಲ್ಲಿ, ಒಂದು ಅಕ್ರೋಟು ಮರ,
ಮರದ ಮೈತುಂಬ ಹುಳಿದ್ರಾಕ್ಷಿ ಬಳ್ಳಿ,
ಕೊಂಬೆಗೆ ನೇತುಬಿದ್ದ ಟಯರಿನ ಉಯ್ಯಾಲೆ.

ಮೊನ್ನೆ, ಎಲೆಯೂ ಅಲ್ಲಾಡದ ಮಧ್ಯಾಹ್ನ,
ತೊಡೆಗಾತ್ರದ್ದೊಂದು ತಾನಾಗಿ ಕಳಚಿ
ಉಯ್ಯಾಲೆಯ ಪಕ್ಕ ಬಿತ್ತಂತೆ.
ಮಗು ನೀರು ಕುಡಿಯಲು ಒಳಗೆ ಹೋಗಿತ್ತಂತೆ.

ಬುಡಸಮೇತ ತೆಗೀರಿ, ಅಂದಳು ಮೇಲ್ಮನೆಯ ಮಾಕ್ವಾಲಾ.
ಮೊದಲು ನನ್ನನ್ನ ತೆಗೀರಿ, ಅಂದಳು ಕೆಳಮನೆಯ ಬಾಬುತ್ಸಾ.
ಒತಿಯಾ ಇಬ್ಬರಿಗೂ ಉತ್ತರ ಕೊಡಲಿಲ್ಲ.
ಟೊಪ್ಪಿ ಹಿಂದೆ ಸರಿಸಿ ಮರವನ್ನು ಮೂರು ಸುತ್ತು ಬಂದ,
ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗಲ್ಲ,
ಕಳೆದ ಎತ್ತು ಬೇರೆಯವರ ಕೊಟ್ಟಿಗೆಯಲ್ಲಿ ಕಂಡವನ ಹಾಗೆ.

ವಸಂತದಲ್ಲಿ ಇದನ್ನ ಮುಟ್ಟಬೇಡ, ಗೋಗೋ,
ರಸ ಏರುವಾಗ ಕೊಯ್ದರೆ ವಾರಗಟ್ಟಲೆ ಅಳುತ್ತದೆ.
ಎಲೆ ಬಲಿತ ಮೇಲೆ ಬಾ. ಒಣ ದಿನ ನೋಡಿ ಬಾ.
ಮೊದಲು ಸತ್ತದ್ದು ತೆಗಿ.
ಆಮೇಲೆ ಒಂದನ್ನೊಂದು ಉಜ್ಜಿ ತೊಗಟೆ ಕಳಕೊಂಡವು, ಎರಡರಲ್ಲಿ ಒಂದು.
ಆಮೇಲೆ ಕೈಕಟ್ಟಿ ನಿಲ್ಲು.
ಇನ್ನೂ ಸ್ವಲ್ಪ ಕೊಯ್ಯೋಣ ಅನ್ನಿಸುತ್ತದಲ್ಲ,
ಅದೂ ಒಂದು ಒಣರೆಂಬೆ.

ದಪ್ಪದ್ದಕ್ಕೆ ಮೂರು ಕೊಯ್ತ.
ಬುಡದಿಂದ ಮೊಳದಾಚೆ, ಕೆಳಗಿನಿಂದ, ಅರ್ಧಕ್ಕೂ ಕಮ್ಮಿ.
ಅದಕ್ಕೂ ನಾಲ್ಕು ಬೆರಳು ಹೊರಗೆ, ಮೇಲಿನಿಂದ.
ಟಕ್ಕೆಂದು ಕಳಚಿತು ನನ್ನ ಮೊದಲ ಕೊಂಬೆ,
ತೊಗಟೆ ಸೀಳಿಕೊಂಡು ಜೊತೆಗೆ ಹೋಗಲಿಲ್ಲ.
ಉಳಿದ ಮೋಟಿಗೆ ಮೂರನೆಯದು. ಎಲ್ಲಿ?
ನನ್ನ ಬೆರಳು ಹಿಡಿದು ಕವಲಿನ ಬುಡಕ್ಕೆ ಒತ್ತಿಸಿದ.
ಅಲ್ಲಿ ತೊಗಟೆ ತುಸು ಉಬ್ಬಿ ಸುಕ್ಕುಗಟ್ಟಿತ್ತು,
ಮಡಚಿ ಮೇಲೇರಿಸಿದ ಸ್ವೆಟರಿನ ತೋಳಿನಂತೆ.
ಇದು ಕೊರಳು, ಅಂದ. ಕೊರಳು ಬಿಟ್ಟು ಕೊಯ್ಯಿ.
ಗಾಯ ಮುಚ್ಚುವ ತುಟಿ ಇಲ್ಲಿಂದಲೇ ಹುಟ್ಟುವುದು.
ಮೋಟು ಉದ್ದ ಬಿಟ್ಟೆಯೋ, ಕೊಳೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಇಳಿಯುತ್ತದೆ.

ಎರಡನೆಯ ಕವಲಿನಲ್ಲಿ ಪೊಟರೆ ಸಿಕ್ಕಿತು.
ಮೊಣಕೈತನಕ ಹೋಯಿತು ನನ್ನ ಕೈ,
ಹೊರಗೆ ಬಂದದ್ದು ಕಂದು ಪುಡಿ, ನಾಲ್ಕು ಇರುವೆ.
ಅಂಚಿನಲ್ಲಿ ಒಣಗಿ ಬಿರಿದ ಡಾಂಬರು.
ಯಾವ ಕಟುಕನೋ ಕೊರಳು ಸಮೇತ ಹೆರೆದಿದ್ದಾನೆ, ಅಂದೆ,
ಅರ್ಧ ಗಂಟೆಯ ವಿದ್ಯೆಯ ಗರ್ವದಲ್ಲಿ.
ಮೇಲೆ ಡಾಂಬರು ಬೇರೆ, ಕೊಳೆಗೆ ಸೂರು ಹಾಕಿಕೊಟ್ಟ ಹಾಗೆ!

ಒತಿಯಾ ಹಗ್ಗದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ತೂಗಿದ.
ಮಾರ್ಚ್ ತಿಂಗಳು, ಅಂದ. ನನಗೆ ಇಪ್ಪತ್ತಮೂರು.
ಅಗೋ ಆ ಕಿಟಕಿಯಲ್ಲಿ ಒಬ್ಬಳು ನಿಂತು ನೋಡುತ್ತಿದ್ದಳು.
ಕಾಂಡಕ್ಕೆ ಒತ್ತಿ ನುಣ್ಣಗೆ ಕೊಯ್ದೆ, ಕನ್ನಡಿ ಹಾಗೆ.
ಡಾಂಬರು ಹಚ್ಚಿ, ಕುಂಚ ಝಾಡಿಸಿ, ತಿರುಗಿ ನೋಡಿದೆ.
ಚಂದ ಅಂದಳು.

ಏನು ಗುಸುಗುಸು ಅಲ್ಲಿ, ಎಂದು ಕೆಳಗಿಂದ ಬಾಬುತ್ಸಾ.
ಹಳೇ ಬಾಕಿ, ಎಂದು ಕೂಗಿದ ಒತಿಯಾ.

ಮರ ಉಳಿಯಿತು. ಪೊಟರೆಯ ಮೇಲಿನ ಭಾರ ಇಳಿಸಿದೆವು,
ಒಂದೊಂದು ತುದಿಯನ್ನೂ ಅದರದೇ ಪಕ್ಕದ ರೆಂಬೆಗೆ ಒಪ್ಪಿಸುತ್ತ.
ತಲೆ ಬೋಳಿಸಲಿಲ್ಲ.
ಟಯರು ನಲ್ಲಿಯ ಕಡೆಯ ಕಬ್ಬಿಣದ ತೊಲೆಗೆ ಹೋಯಿತು,
ಮಗು ಎರಡು ದಿನ ಮುನಿಸಿಕೊಂಡಿತು.
ಗಾಯಕ್ಕೆ ಏನೂ ಹಚ್ಚಲಿಲ್ಲವಲ್ಲ, ಮಾಕ್ವಾಲಾಳ ತಕರಾರು.
ಗಾಳಿ ಹಚ್ಚಿದೆ, ಅಂದ.

ಹಸಿ ಸಿಪ್ಪೆಯ ಕರೆ ನನ್ನ ಬೆರಳಲ್ಲಿ ಎರಡು ವಾರ ಉಳಿಯಿತು.

ಈಗ ಒತಿಯಾ ಇಲ್ಲ.
ಆ ಬೀದಿಗೆ ಕೆಲಸವಿದ್ದರೆ ಅಂಗಳಕ್ಕೆ ಹೊಕ್ಕು
ನನ್ನ ಮೊದಲ ಕೊಯ್ತವನ್ನು ಮುಟ್ಟಿ ನೋಡುತ್ತೇನೆ.
ಸುತ್ತಲಿಂದ ತುಟಿ ಕೂಡಿಕೊಂಡು ಬಂದಿದೆ,
ನಡುವೆ ಇನ್ನೂ
ಇಪ್ಪತ್ತು ತೆತ್ರಿಯ ನಾಣ್ಯದಷ್ಟು ಬಾಕಿ.